ದೇಹದೊಳಗಣ ಗಳಿಗೆ ಬಟ್ಟಲು

೧

ಮನೆಮನೆಗೂ ಗಡಿಯಾರಗಳು ಬರುವುದಕ್ಕೆ ಮುಂಚೆ ಮದುವೆ ಮುಂಜಿಗಳ ಮುಹೂರ್ತವನ್ನು ಅರಿಯುವುದಕ್ಕಾಗಿ ಗಳಿಗೆ ಬಟ್ಟಲನ್ನು ಇಡುತ್ತಿದ್ದರು. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲೊಂದನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಬಿಟ್ಟರೆ, ಅದರೊಳಕ್ಕೆ ನೀರು ಮೆಲ್ಲಮೆಲ್ಲನೆ ಏರಿ, ಒಂದು ಗಳಿಗೆ, ಎಂದರೆ ೨೪ ನಿಮಿಷ, ಕಳೆಯುವ ವೇಳೆಗೆ ಬಟ್ಟಲು ಮುಳುಗುವುದು. ಕಾದು ಕುಳಿತವನು ಅದನ್ನೆತ್ತಿ ಬರಿದು ಮಾಡಿ ಮತ್ತೆ ತೇಲಬಿಡುವನು. ಇಂತಹ ೬೦ ಗಳಿಗೆಗಳು ಸೇರಿ ಒಂದು ಅಹೋರಾತ್ರ. ಆದರೆ ಬಟ್ಟಲನ್ನು ಮೊದಲ ಬಾರಿಗೆ ನೀರಿಗೆ ಬಿಡುವ ಹೊತ್ತು ಮಾತ್ರ ಮನುಷ್ಯನ ಇಷ್ಟಕ್ಕೆ ಸೇರಿದುದಾಗಿರಲಿಲ್ಲ. ಸೂರ್ಯಬಿಂಬವು ಅರ್ಧ ಉದಯಿಸಿದಾಗಲೋ ಅರ್ಧ ಅಸ್ತಮಿಸಿದಾಗಲೋ ಅದನ್ನು ಪೂಜಿಸಿ ತೇಲಬಿಡುವುದು ಸಂಪ್ರದಾಯ. ಬಟ್ಟಲು ಎಷ್ಟೇ ನಿಷ್ಕೃಷ್ಟವಾಗಿರಲಿ, ಅದರ ಲೆಕ್ಕಕ್ಕೆ ಆದಿಯು ಸೂರ್ಯನಿಂದಲೇ ಆಗಬೇಕಾಗಿತ್ತು.

ಇಂತಹುದೇ ಒಂದು ಗಳಿಗೆ ಬಟ್ಟಲು ಮನುಷ್ಯನ ದೇಹದೊಳಗೂ ಉಂಟೆಂಬುದು ಕವಿಯ ಉತ್ಪ್ರೇಕ್ಷೆಯಲ್ಲ. ಪರೀಕ್ಷೆಗಳಿಂದ ಸಿದ್ಧವಾದ ಸಂಗತಿ. ನಿದ್ರೆ, ಎಚ್ಚರ, ಹಸಿವು, ದೇಹದ ಉಷ್ಣ, ರಕ್ತದ ಒತ್ತಡ, ಬುದ್ಧಿಯ ಚುರುಕು, ಮನಸ್ಸಿನ ಉಲ್ಲಾಸ, ಇವೆಲ್ಲವೂ ಆ ಬಟ್ಟಲಿನ ಏಳುಬೀಳುಗಳಿಗೆ ಅಧೀನವಾಗಿ ದಿನಕ್ಕೊಂದಾವರ್ತಿ ಏರುತ್ತಲೂ ಇಳಿಯುತ್ತಲೂ ಇರುವುವು. ಮುಂಜಾನೆಯ ಪಾಠದಲ್ಲಿ ತೂಕಡಿಸುವ ಬಾಲಕನನ್ನು ಸೋಮಾರಿಯೆಂದೂ, ಸಂಜೆಗೇ ನಿದ್ರೆಗೆ ಜಾರುವ ವೃದ್ಧನನ್ನು ಉತ್ಸಾಹಹೀನನೆಂದೂ ಲೋಕವು ತೀರ್ಪು ಹೇಳುವುದು ವಾಡಿಕೆ. ಆ ತೀರ್ಪು ನ್ಯಾಯವೇ ಎಂಬ ಪ್ರಶ್ನೆಗೆ ಉತ್ತರವನ್ನು ಕೊಡಬೇಕಾದರೆ, ಆ ಬಟ್ಟಲನ್ನು ಹುಡುಕಿ ಕಂಡವರ ಚರಿತ್ರೆಯನ್ನು ತಿಳಿಯುವುದು ಅವಶ್ಯಕ. ಆ ಚರಿತ್ರೆಯು ಸುಮಾರು ೩೦೦ ವರ್ಷಗಳಷ್ಟು ದೀರ್ಘವಾಗಿದೆ.

೨

ಹಗಲಿರುಳುಗಳಿಗೆ ಅನುಸಾರವಾಗಿ ಜೀವಿಗಳು ನಡೆಯುವುವೆಂಬುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಕಮಲವು ಸೂರ್ಯನಿಗೂ ನೈದಿಲೆಯು ಚಂದ್ರನಿಗೂ ಅರಳುವುದೆಂಬ ಕವಿಸಮಯವು ಸಂಸ್ಕೃತ ಕಾವ್ಯಗಳಲ್ಲಿಯೂ ಕನ್ನಡ ಕಾವ್ಯಗಳಲ್ಲಿಯೂ ಎಲ್ಲೆಲ್ಲಿಯೂ ಕಾಣುವುದು. ವಾಗ್ಭಟನು ತನ್ನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವನ್ನು ದಿನಚರ್ಯೆಗೂ ಮೂರನೆಯದನ್ನು ಋತುಚರ್ಯೆಗೂ ಮೀಸಲಿಟ್ಟನು. ರೋಗಗಳ ವಿಚಾರಕ್ಕೆ ಎಷ್ಟೋ ಮೊದಲೇ ಕಾಲಕ್ಕೆ ತಕ್ಕ ನಡೆವಳಿಕೆಯ ವಿಚಾರ ಬಂದಿರುವುದನ್ನು ನೋಡಿದರೆ, ಆ ವೈದ್ಯರು ಇದಕ್ಕೆ ಎಷ್ಟು ಪ್ರಾಧಾನ್ಯವನ್ನು ಕೊಟ್ಟಿದ್ದರೆಂಬುದು ವ್ಯಕ್ತವಾಗುವುದು.

ಪಶ್ಚಿಮದೇಶಗಳಲ್ಲಿ ಈ ವಿಷಯವಾಗಿ ದೊರೆಯುವ ಅತಿ ಹಳೆಯ ಬರಹವು ಹುಣಿಸೆಯ ಮರಕ್ಕೆ ಸಂಬಂಧಿಸಿದುದೆಂಬುದು ಕನ್ನಡಿಗರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಧಿಪತಿಗಳಲ್ಲೊಬ್ಬನಾದ ಆಂಡ್ರೋಸ್ಥೆನೀಸನು ಪಾರಸೀಕ ಖಾರಿಯಲ್ಲಿ ಈಗ ಬಹ್ರೇನ್ ಎಂದು ಕರೆಯುವ ದ್ವೀಪಕ್ಕೆ ಹೋಗಿ, ಅಲ್ಲಿಯ ಒಂದು ಮರದ ಎಲೆಗಳು ರಾತ್ರಿಯಲ್ಲಿ ಮುಚ್ಚಿಕೊಂಡು, ಸೂರ್ಯೋದಯಕ್ಕೆ ಬಿಚ್ಚಿಕೊಳ್ಳಲಾರಂಭಿಸಿ, ಮಧ್ಯಾಹ್ನಕ್ಕೆ ಪೂರ್ತಿಯಾಗಿ ತೆರೆಯುವುದನ್ನು ಕಂಡು ಬರೆದಿಟ್ಟನು. ಮರವು ಮಲಗುವುದೆಂದು ಆ ದ್ವೀಪದ ಜನರು ಹೇಳುತ್ತಿದ್ದರಂತೆ. ಈ ವೃತ್ತಾಂತವು ಗ್ರೀಕ್ ಪಂಡಿತನಾದ ಥಿಯೋಫ್ರಾಸ್ಟಸನ ಸಸ್ಯಶಾಸ್ತ್ರದ ಗ್ರಂಥದಲ್ಲಿ ಉಳಿದು ಬಂದಿದೆ; ಆ ಮರವು ಹುಣಿಸೆಯೆಂದು ಈಚಿನ ವಿದ್ವಾಂಸರು ನಿರ್ಣಯಿಸಿದ್ದಾರೆ.

ಆದರೆ ಕಾಣುವುದು ಬೇರೆ, ಕಾರಣವನ್ನು ಕೇಳುವುದು ಬೇರೆ. ಎಲೆ ಮುಚ್ಚುವುದು ಸೂರ್ಯನು ಮುಳುಗಿದುದರಿಂದಲೇ, ಅಥವಾ ಗಿಡದೊಳಗೆ ಇರುವ ಮತ್ತಾವುದೋ ಪ್ರೇರಣೆಯಿಂದಲೇ? ಈ ಪ್ರಶ್ನೆಯನ್ನು ಗಿಡವನ್ನೇ ಕೇಳಿದವನು ಫ್ರಾನ್ಸ್ ದೇಶದ ಡಿ ಮೇರಾನ್. ಆತನು ಜ್ಯೋತಿಶ್ಶಾಸ್ತ್ರಜ್ಞನೇ ಹೊರತು ಸಸ್ಯಶಾಸ್ತ್ರಜ್ಞನಲ್ಲ. ಹಗಲು ಅರಳಿ ರಾತ್ರಿ ಮುದುಡುವ ನಾಚಿಕೆಗಿಡವೊಂದನ್ನು ಆತನು ಬೆಳಕು ಸುಳಿಯದ ಎಡೆಯಲ್ಲಿ ಇರಿಸಿದನು. ಗಿಡಕ್ಕೆ ಸೂರ್ಯನು ಕಾಣದಿದ್ದರೂ ಎಲೆಗಳು ಹೊರಗೆ ಹಗಲಾದಾಗ ಬಿಚ್ಚಿ ಇರುಳಾದಾಗ ಮುಚ್ಚಿದುವು. ೧೭೨೯ರಲ್ಲಿ ಈ ಪರೀಕ್ಷೆಯ ಸಮಾಚಾರವನ್ನು ಪ್ಯಾರಿಸಿನ ರಾಜಕೀಯ ವಿಜ್ಞಾನ ಪರಿಷತ್ತಿಗೆ ತಿಳಿಸಿದವನು ಆತನ ಸ್ನೇಹಿತನಾದ ಮಾರ್ಷಾನ್. ಡಿ ಮೇರಾನನು ತಾನಾಗಿ ಅದನ್ನು ಪ್ರಕಟಿಸುವಷ್ಟು ದೊಡ್ಡ ಸಂಗತಿಯೆಂದು ಎಣಿಸಿರಲಿಲ್ಲ. ಆದರೂ ಆ ಕಿರಿಯ ವರದಿಯಲ್ಲಿ ಒಂದು ದೂರದೃಷ್ಟಿಯ ಮಾತಿದೆ. ಹಾಸಿಗೆ ಹಿಡಿದ ರೋಗಿಗಳಲ್ಲಿ ಅನೇಕರಿಗೆ ಮಲಗಿದಲ್ಲಿಯೇ ಹಗಲಿರುಳುಗಳ ಭೇದ ತಿಳಿಯುವುದಕ್ಕೂ ಈ ಗಿಡದ ನಡತೆಗೂ ಸಂಬಂಧವಿರಬಹುದೆಂದು ಅದರಲ್ಲಿ ಸೂಚಿಸಿದೆ. ಗಿಡದ ವಿಷಯವು ಮನುಷ್ಯನ ವಿಷಯವೂ ಆಗಬಹುದೆಂಬ ಊಹೆಯು ಹೀಗೆ ಮೊದಲ ದಿನವೇ ಹುಟ್ಟಿತು.

ವಾದಿಗಳು ಸುಮ್ಮನಿರಲಿಲ್ಲ. ಬೆಳಕನ್ನು ತಡೆದರೇನು, ಹಗಲಿನ ಶಾಖವು ಗಿಡಕ್ಕೆ ತಗುಲುತ್ತಿದ್ದಿರಬಹುದಲ್ಲವೆ ಎಂದು ಕೇಳಿದರು. ದ್ಯುಹಾಮೆಲ್ ಎಂಬ ಮತ್ತೊಬ್ಬ ಫ್ರೆಂಚ್ ಪಂಡಿತನು ೧೭೫೦ರ ದಶಕದಲ್ಲಿ ಗಿಡಗಳನ್ನು ನೆಲಮಾಳಿಗೆಯಲ್ಲಿಯೂ, ಕಂಬಳಿ ಹೊದಿಸಿದ ಚರ್ಮದ ಪೆಟ್ಟಿಗೆಯಲ್ಲಿಯೂ ಇಟ್ಟು ನೋಡಿ, ಶಾಖವೂ ಕಾರಣವಲ್ಲವೆಂದು ತೋರಿಸಿದನು. ೧೮೩೨ರಲ್ಲಿ ಜಿನೀವಾ ನಗರದ ಡಿ ಕಾಂಡೋಲ್ ಎಂಬ ಸಸ್ಯಶಾಸ್ತ್ರಜ್ಞನು ಇನ್ನೂ ಮುಂದೆ ಹೋದನು. ಎಡೆಬಿಡದೆ ದೀಪಗಳ ಬೆಳಕಿನಲ್ಲಿಟ್ಟ ನಾಚಿಕೆಗಿಡವು ಮುಚ್ಚಿ ತೆರೆಯುವುದನ್ನು ಬಿಡಲಿಲ್ಲ. ಆದರೆ ಅದರ ಆವರ್ತವು ೨೪ ಗಂಟೆಗೆ ಬದಲಾಗಿ ೨೨ರಿಂದ ೨೩ ಗಂಟೆಗಳಷ್ಟಾಯಿತು. ಈ ಒಂದೆರಡು ಗಂಟೆಯ ಕೊರತೆಯೇ ಚರಿತ್ರೆಯಲ್ಲಿ ಬಹು ಮುಖ್ಯವಾದ ಸಾಕ್ಷ್ಯ. ಹೊರಗಿನ ಯಾವುದೋ ಗುಪ್ತಕಾರಣವು ಗಿಡವನ್ನು ಆಡಿಸುತ್ತಿದ್ದ ಪಕ್ಷಕ್ಕೆ, ಆ ಕಾರಣವು ಭೂಮಿಯ ಸುತ್ತಿಗೆ ಸರಿಯಾಗಿ ೨೪ ಗಂಟೆಗೊಮ್ಮೆ ಬರಬೇಕಾಗಿತ್ತು. ತಪ್ಪು ಹೊತ್ತನ್ನು ತೋರಿಸುವ ಗಡಿಯಾರವು ಪಕ್ಕದ ಮನೆಯ ಗಡಿಯಾರವನ್ನು ನೋಡಿ ನಡೆಯುತ್ತಿಲ್ಲವೆಂಬುದು ಸ್ಪಷ್ಟವಷ್ಟೆ.

೩

ಇಷ್ಟಾದರೂ ಸಂಶಯವು ಮತ್ತೆ ನೂರು ವರ್ಷ ಬದುಕಿತು. ವಾತಾವರಣದ ವಿದ್ಯುತ್ತೋ, ಇನ್ನೂ ತಿಳಿಯದ ಮತ್ತಾವುದೋ ಶಕ್ತಿಯೋ ಜೀವಿಗಳನ್ನು ನಡೆಸುತ್ತಿರಬಹುದೆಂದು ನಂಬಿದವರು ಬಹು ಮಂದಿ ಇದ್ದರು. ಇದನ್ನು ಪರೀಕ್ಷಿಸಬೇಕೆಂದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಎರ್ವಿನ್ ಬ್ಯುನಿಂಗ್ ಮತ್ತು ಕುರ್ಟ್ ಸ್ಟರ್ನ್ ಎಂಬ ತರುಣ ವಿದ್ವಾಂಸರು ೧೯೨೦ರ ದಶಕದ ಕೊನೆಯಲ್ಲಿ ಬೀನ್ಸ್ ಜಾತಿಯ ಗಿಡಗಳನ್ನು ಕತ್ತಲೆಯಲ್ಲಿಟ್ಟು ನೋಡಿದರು. ಗಿಡಗಳು ೨೪ ಗಂಟೆಗೆ ಸರಿಯಾಗಿಯೇ ನಡೆಯುವಂತೆ ಕಂಡಿತು. ಬಳಿಕ ಅವರು ತಮ್ಮ ಗಿಡಗಳನ್ನು ಸ್ಟರ್ನರ ಮನೆಯ ಆಲೂಗಡ್ಡೆಯ ನೆಲಮಾಳಿಗೆಗೆ ಸಾಗಿಸಿದರು. ಆಗ ಎಲೆಗಳ ಹೊತ್ತು ಏಳೆಂಟು ಗಂಟೆಗಳಷ್ಟು ತಪ್ಪಿಹೋಯಿತು. ವಿಚಾರಿಸಲಾಗಿ, ಗಿಡಗಳಿಗೆ ನೀರೆರೆಯಲು ಹೋಗುವಾಗ ಹಿಡಿಯುತ್ತಿದ್ದ ಕೆಂಪು ದೀಪವೇ ಇದಕ್ಕೆ ಕಾರಣವೆಂದು ತಿಳಿಯಬಂದಿತು. ಕೆಂಪು ಬೆಳಕು ಗಿಡಕ್ಕೆ ಕಾಣದೆಂದು ಆಗಿನ ಶಾಸ್ತ್ರಜ್ಞರು ನಂಬಿದ್ದರು. ಮೊದಲು ಬೆಳಗಿನ ಹೊತ್ತು ಬರುತ್ತಿದ್ದ ದೀಪವು ನೆಲಮಾಳಿಗೆಗೆ ತಡವಾಗಿ ಬರತೊಡಗಿದುದರಿಂದ ಗಿಡಗಳು ಅದನ್ನೇ ಉದಯವೆಂದೆಣಿಸಿ ತಮ್ಮ ಲೆಕ್ಕವನ್ನು ತಿದ್ದಿಕೊಂಡಿದ್ದುವು. ದೀಪವನ್ನು ನಿಲ್ಲಿಸಿದೊಡನೆ ಗಿಡಗಳ ನಿಜವಾದ ಆವರ್ತವು ಬಯಲಾಯಿತು: ೨೫ ಗಂಟೆಗೆ ತುಸು ಮೇಲೆ. ಮುಂದೆ ೧೯೩೫ರಲ್ಲಿ ಬ್ಯುನಿಂಗರು ಬೇರೆ ಬೇರೆ ಆವರ್ತವುಳ್ಳ ಗಿಡಗಳನ್ನು ಕೂಡಿಸಿ ಬೆಳೆಸಿದಾಗ, ಮರಿಗಿಡಗಳ ಆವರ್ತವು ಎರಡರ ನಡುವೆ ಬಂದಿತು. ಬೀಜದಿಂದ ಬೀಜಕ್ಕೆ ಬಣ್ಣವೂ ಎತ್ತರವೂ ಇಳಿದು ಬರುವಂತೆ ಕಾಲಜ್ಞಾನವೂ ಇಳಿದು ಬರುವುದೆಂದು ಇದರಿಂದ ಸಿದ್ಧವಾಯಿತು.

ಈ ಕಥೆಯಲ್ಲಿ ಎರಡು ಸತ್ಯಗಳು ಒಟ್ಟಿಗೆ ಹೊರಬಿದ್ದುವು. ಬಟ್ಟಲು ಗಿಡದೊಳಗೆಯೇ ಇದೆ. ಆದರೆ ಅದನ್ನು ಹೊತ್ತಿಗೆ ಸರಿಯಾಗಿ ತೇಲಬಿಡುವುದು ಬೆಳಕು. ನೀರೆರೆಯುವವನ ಕೈದೀಪವೂ ಸೂರ್ಯನ ಕೆಲಸವನ್ನು ಅಪಹರಿಸಬಲ್ಲುದು. ಈ ಎರಡನೆಯ ಸತ್ಯದ ಬೆಲೆಯು ಮನುಷ್ಯನ ವಿಷಯದಲ್ಲಿ ಮುಂದೆ ತಿಳಿಯಬೇಕಾಗಿತ್ತು.

ಪ್ರಾಣಿಗಳಲ್ಲಿಯೂ ಇದೇ ಕ್ರಮ. ಸ್ವಿಟ್ಜರ್ಲೆಂಡಿನ ವೈದ್ಯರಾದ ಆಗಸ್ಟ್ ಫೊರೆಲ್ ಅವರು ಮನೆಯ ಜಗಲಿಯಲ್ಲಿ ಬೆಳಗಿನ ಉಪಾಹಾರಕ್ಕೆ ಕುಳಿತಾಗ ಜೇನುಹುಳುಗಳು ಹಣ್ಣಿನ ಪಾಕಕ್ಕೆ ಬರುವುದನ್ನು ಕಂಡಿದ್ದರು. ಉಪಾಹಾರವು ಮನೆಯೊಳಗೆ ನಡೆದ ದಿನವೂ ಅವು ಅದೇ ಹೊತ್ತಿಗೆ ಬರಿಯ ಮೇಜಿಗೆ ಬಂದು ಹುಡುಕಿದುವು. ೧೯೫೫ರಲ್ಲಿ ಮ್ಯಾಕ್ಸ್ ರೆನ್ನರ್ ಎಂಬವರು ಪ್ಯಾರಿಸಿನ ಮುಚ್ಚಿದ ಕೊಠಡಿಯೊಂದರಲ್ಲಿ ನಿಯತಕಾಲದಲ್ಲಿ ಆಹಾರಕ್ಕೆ ಬರುವಂತೆ ಜೇನುಹುಳುಗಳನ್ನು ಪಳಗಿಸಿ, ಒಂದೇ ರಾತ್ರಿಯಲ್ಲಿ ಅವುಗಳನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಸಾಗಿಸಿದರು. ಅಲ್ಲಿ ಅದೇ ಬಗೆಯ ಮುಚ್ಚಿದ ಕೊಠಡಿಯಲ್ಲಿ ಆ ಹುಳುಗಳು ನ್ಯೂಯಾರ್ಕಿನ ಹೊತ್ತನ್ನು ಲಕ್ಷ್ಯಕ್ಕೆ ತಾರದೆ, ಪ್ಯಾರಿಸಿನಲ್ಲಿ ಕಡೆಯ ಸಲ ಉಂಡ ೨೪ ಗಂಟೆಗಳಿಗೆ ಸರಿಯಾಗಿ ಊಟಕ್ಕೆ ಬಂದುವು. ಸಾಗರವನ್ನು ದಾಟಿದರೂ ಅವುಗಳ ಬಟ್ಟಲು ದಾಟಲಿಲ್ಲ.

೪

ಮನುಷ್ಯನಿಗೆ ತನ್ನ ವಿಷಯದಲ್ಲಿ ಅಭಿಮಾನ ಹೆಚ್ಚು. ಗಿಡವೂ ಹುಳುವೂ ಕಾಲಕ್ಕೆ ಅಧೀನವಾಗಿರಬಹುದು. ಇಚ್ಛಾಶಕ್ತಿಯುಳ್ಳ ಮನುಷ್ಯನು ತನ್ನ ದಿನವನ್ನು ತಾನೇ ಕಟ್ಟಿಕೊಳ್ಳಬಲ್ಲನೆಂದು ಆತನು ಎಣಿಸಿದ್ದನು. ಇದನ್ನು ಪರೀಕ್ಷಿಸಲು ೧೯೩೮ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ನಥೇನಿಯಲ್ ಕ್ಲೈಟ್‌ಮನ್ ಎಂಬ ಪ್ರಾಧ್ಯಾಪಕರು ತಮ್ಮ ಶಿಷ್ಯರಾದ ಬ್ರೂಸ್ ರಿಚರ್ಡ್‌ಸನ್ ಅವರೊಡನೆ ಅಮೆರಿಕದ ಕೆಂಟಕಿ ಪ್ರಾಂತದ ಮಹಾಗುಹೆಯನ್ನು ಹೊಕ್ಕು ೩೨ ದಿನಗಳಿದ್ದರು. ಹೊರಗಿನ ಬೆಳಕೂ ಸದ್ದೂ ತಲುಪದ ಆ ತಂಪು ಗುಹೆಯಲ್ಲಿ ಅವರು ೨೮ ಗಂಟೆಯ ದಿನವನ್ನು ಆಚರಿಸಿದರು; ಲೋಕದ ಏಳು ದಿನಗಳ ವಾರವು ಅವರಿಗೆ ಆರೇ ದಿನಗಳದಾಗಿತ್ತು. ತರುಣರಾದ ಶಿಷ್ಯರ ದೇಹದ ಉಷ್ಣವು ಹೊಸ ದಿನಕ್ಕೆ ಹೊಂದಿಕೊಂಡಿತು. ನಲವತ್ತು ದಾಟಿದ್ದ ಗುರುಗಳ ದೇಹವೋ ೨೪ ಗಂಟೆಯ ಹಳೆಯ ಲೆಕ್ಕವನ್ನು ಬಿಡದೆ, ಮಲಗಬೇಕಾದಾಗ ಎಚ್ಚರವನ್ನೂ ದುಡಿಯಬೇಕಾದಾಗ ನಿದ್ರೆಯನ್ನೂ ಕೊಟ್ಟಿತು. ಸಂಕಲ್ಪದಲ್ಲಿ ಇಬ್ಬರೂ ಸಮಾನರು. ದೇಹಗಳು ಮಾತ್ರ ಸಮಾನವಾಗಿರಲಿಲ್ಲ.

೧೯೬೨ರಲ್ಲಿ ಮಿಶೆಲ್ ಸೀಫ್ರ್ ಎಂಬ ೨೩ ವರ್ಷದ ಫ್ರೆಂಚ್ ಭೂಗರ್ಭಶಾಸ್ತ್ರಜ್ಞರು ಆಲ್ಪ್ಸ್ ಪರ್ವತದ ಹಿಮಗುಹೆಯೊಂದಕ್ಕೆ ಗಡಿಯಾರವಿಲ್ಲದೆ ಇಳಿದರು. ತಾವು ಎದ್ದಾಗಲೂ ಉಂಡಾಗಲೂ ಮಲಗುವಾಗಲೂ ಮೇಲಿನವರಿಗೆ ದೂರವಾಣಿಯಲ್ಲಿ ತಿಳಿಸುವರು, ಮೇಲಿನವರು ಹೊತ್ತು ಎಷ್ಟೆಂದು ಹೇಳಬಾರದು, ಹೀಗೆ ಏರ್ಪಾಡು. ಜುಲೈ ೧೬ರಂದು ಒಳಹೊಕ್ಕ ಅವರಿಗೆ ಸೆಪ್ಟೆಂಬರ್ ೧೪ರಂದು ಅವಧಿ ಮುಗಿಯಿತೆಂದು ತಿಳಿಸಿದಾಗ, ಅವರ ಸ್ವಂತ ಲೆಕ್ಕದಲ್ಲಿ ಅಂದು ಇನ್ನೂ ಆಗಸ್ಟ್ ೨೦ ಆಗಿತ್ತು. ಎರಡು ನಿಮಿಷವನ್ನಳೆಯಲೆಂದು ಅವರು ೧೨೦ರವರೆಗೆ ಎಣಿಸಿದರೆ ಐದು ನಿಮಿಷಗಳು ಕಳೆದಿರುತ್ತಿದ್ದುವು. ಆದರೆ ಅವರು ಎದ್ದು ಮಲಗಿದ ಹೊತ್ತುಗಳನ್ನು ಮೇಲಿನವರು ಬರೆದಿಟ್ಟುದನ್ನು ನೋಡಲಾಗಿ, ಅವರ ದಿನವು ಸರಾಸರಿಯಲ್ಲಿ ಇಪ್ಪತ್ತನಾಲ್ಕೂವರೆ ಗಂಟೆಗಳಷ್ಟು ಕ್ರಮವಾಗಿಯೇ ನಡೆದಿತ್ತು. ಮನಸ್ಸಿನ ಲೆಕ್ಕವು ೨೫ ದಿನಗಳಷ್ಟು ತಪ್ಪಿದಾಗಲೂ ದೇಹದ ಲೆಕ್ಕವು ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ತಪ್ಪಲಿಲ್ಲ. ತಾನು ಅರಿಯದ ಕಾಲವನ್ನು ಅವನ ದೇಹವು ಅರಿತಿತ್ತೆಂದರೆ ಮನುಷ್ಯನ ಅಭಿಮಾನಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರವು ಬೇಕಿಲ್ಲ.

ಇದೇ ವರ್ಷಗಳಲ್ಲಿ ಜರ್ಮನಿಯ ಯುರ್ಗೆನ್ ಆಶೋಫ್ ಮತ್ತು ರ್ಯುಟ್ಗರ್ ವೇವರ್ ಎಂಬವರು ಬವೇರಿಯಾ ಪ್ರಾಂತದ ಆಂಡೆಕ್ಸ್ ಎಂಬಲ್ಲಿ ನೆಲದೊಳಗೆ ಮನೆಯೊಂದನ್ನು ಕಟ್ಟಿಸಿ, ಸುಮಾರು ಇಪ್ಪತ್ತು ವರ್ಷಗಳಲ್ಲಿ ೩೦೦ಕ್ಕೆ ಮೇಲ್ಪಟ್ಟ ಜನರನ್ನು ವಾರಗಟ್ಟಲೆ ಅದರಲ್ಲಿ ಇರಿಸಿ ಪರೀಕ್ಷಿಸಿದರು. ಹೆಚ್ಚು ಮಂದಿಯ ದಿನವು ೨೫ ಗಂಟೆಯ ಸಮೀಪಕ್ಕೆ ಬಂದಿತು. ಈ ಸಂಖ್ಯೆಯು ಬಹುಕಾಲ ಗ್ರಂಥಗಳಲ್ಲಿ ಪ್ರಮಾಣವಾಗಿ ನಿಂತಿತ್ತು. ಆದರೆ ಅಲ್ಲಿಯ ನಿವಾಸಿಗಳಿಗೆ ತಮ್ಮ ದೀಪಗಳನ್ನು ತಾವೇ ಹೊತ್ತಿಸಿ ಆರಿಸುವ ಸ್ವಾತಂತ್ರ್ಯವಿತ್ತು. ಮಲಗುವ ಮುನ್ನಿನ ಆ ಬೆಳಕೇ ಬಟ್ಟಲನ್ನು ತಡಮಾಡುತ್ತಿತ್ತು. ೧೯೯೯ರಲ್ಲಿ ಅಮೆರಿಕದ ಚಾರ್ಲ್ಸ್ ಜೈಸ್ಲರ್ ಮತ್ತು ಅವರ ಸಂಗಡಿಗರು ಮಂದವಾದ ಬೆಳಕಿನಲ್ಲಿ ಎಚ್ಚರಿಕೆಯಿಂದ ಅಳೆದಾಗ ಮನುಷ್ಯನ ಒಳಗಿನ ದಿನವು ಸರಾಸರಿ ೨೪ ಗಂಟೆ ೧೧ ನಿಮಿಷವೆಂದು ತಿಳಿಯಿತು. ಫ್ರಾಂಕ್‌ಫರ್ಟಿನ ಕೆಂಪು ದೀಪದ ಪಾಠವನ್ನು ಶಾಸ್ತ್ರವು ಎರಡನೆಯ ಬಾರಿ ಕಲಿಯಬೇಕಾಯಿತು.

೧೧ ನಿಮಿಷವೆಂದರೆ ಅಲ್ಪವೆಂದು ತೋರಬಹುದು. ದಿನವೂ ತಿದ್ದದೆ ಬಿಟ್ಟರೆ ಒಂದು ತಿಂಗಳಿಗೆ ಅದು ಐದೂವರೆ ಗಂಟೆಗಳಾಗುವುದು. ಪ್ರತಿ ಬೆಳಗಿನ ಸೂರ್ಯಪ್ರಕಾಶವು ಈ ಅಲ್ಪದೋಷವನ್ನು ತಿದ್ದುತ್ತಿರುವುದರಿಂದಲೇ ಮನುಷ್ಯನು ಲೋಕದೊಡನೆ ಹೆಜ್ಜೆ ಹಾಕುವನು. ಕಣ್ಣಿನಲ್ಲಿ ಬೆಳಕಿನ ಗ್ರಹಣವೇ ಇಲ್ಲದ ಅಂಧರಲ್ಲಿ ಅನೇಕರಿಗೆ ಕೆಲವು ವಾರ ನಿದ್ರೆಯು ರಾತ್ರಿಯಲ್ಲಿಯೂ ಮತ್ತೆ ಕೆಲವು ವಾರ ಹಗಲಿನಲ್ಲಿಯೂ ಬರುವ ಕಷ್ಟಕ್ಕೆ ಇದೇ ಕಾರಣ.

೫

ಹಾಗಾದರೆ ಬಟ್ಟಲು ಇರುವುದು ಎಲ್ಲಿ? ಅಮೆರಿಕದ ಬಾಲ್ಟಿಮೋರಿನಲ್ಲಿ ಕುರ್ಟ್ ರಿಕ್ಟರ್ ಎಂಬ ಪಂಡಿತರು ಅನೇಕ ವರ್ಷ ಇಲಿಗಳಲ್ಲಿ ಒಂದೊಂದೇ ಅಂಗವನ್ನು ಕೆಡಿಸಿ ನೋಡುತ್ತ ಬಂದು, ೧೯೬೭ರ ವೇಳೆಗೆ ಮಿದುಳಿನ ಅಡಿಯಲ್ಲಿರುವ ಹೈಪೋಥಲಾಮಸ್ ಎಂಬ ಭಾಗವನ್ನು ತಲುಪಿದರು. ೧೯೭೨ರಲ್ಲಿ ಶಿಕಾಗೋವಿನ ಮೂರ್ ಮತ್ತು ಐಕ್ಲರ್, ಬರ್ಕ್ಲಿಯ ಸ್ಟೆಫಾನ್ ಮತ್ತು ಜುಕರ್, ಹೀಗೆ ಎರಡು ತಂಡಗಳವರು ಬೇರೆಬೇರೆಯಾಗಿ ಒಂದೇ ಸ್ಥಾನವನ್ನು ಗೊತ್ತುಮಾಡಿದರು. ಎರಡು ಕಣ್ಣುಗಳಿಂದ ಹೊರಟ ನರಗಳು ಮಿದುಳಿನ ಅಡಿಯಲ್ಲಿ ಒಂದನ್ನೊಂದು ಹಾಯ್ದುಹೋಗುವ ಕವಲಿನ ಮೇಲೆ, ಎಡಕ್ಕೊಂದು ಬಲಕ್ಕೊಂದರಂತೆ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಎರಡು ನರಗ್ರಂಥಿಗಳಿವೆ. ಎರಡರಲ್ಲಿಯೂ ಸೇರಿ ಸುಮಾರು ೨೦,೦೦೦ ನರಕೋಶಗಳು. ಇವನ್ನು ಕೆಡಿಸಿದ ಇಲಿಯು ತಿನ್ನುವುದನ್ನೂ ಮಲಗುವುದನ್ನೂ ಬಿಡುವುದಿಲ್ಲ. ಆದರೆ ಹೊತ್ತುಗೊತ್ತೆಂಬುದು ಅದಕ್ಕೆ ಇರುವುದಿಲ್ಲ.

ಕಂಡದ್ದು ನಿಜವೇ ಎಂಬುದಕ್ಕೆ ಕಟ್ಟಕಡೆಯ ಪ್ರಮಾಣವು ೧೯೯೦ರಲ್ಲಿ ದೊರೆಯಿತು. ಇಲಿಯನ್ನು ಹೋಲುವ ಹ್ಯಾಮ್‌ಸ್ಟರ್ ಎಂಬ ಪ್ರಾಣಿಗಳಲ್ಲಿ ಹುಟ್ಟಿನಿಂದಲೇ ೨೦ ಗಂಟೆಯ ದಿನವುಳ್ಳ ಒಂದು ವಂಶವು ಮಾರ್ಟಿನ್ ರಾಲ್ಫ್ ಮತ್ತು ಮೈಕಲ್ ಮೆನಾಕರ್ ಎಂಬವರಿಗೆ ದೊರೆತಿತ್ತು. ಸಾಮಾನ್ಯವಾದ ಹ್ಯಾಮ್‌ಸ್ಟರಿನಲ್ಲಿ ಆ ಗ್ರಂಥಿಗಳನ್ನು ನಾಶಪಡಿಸಿ, ೨೦ ಗಂಟೆಯ ವಂಶದ ಗ್ರಂಥಿಯ ಅಂಶವನ್ನು ಅಲ್ಲಿ ನೆಟ್ಟಾಗ, ಅದರ ದಿನವು ೨೦ ಗಂಟೆಯದಾಯಿತು. ಅದಲುಬದಲಾಗಿ ಮಾಡಿದಾಗ ಫಲವೂ ಅದಲುಬದಲಾಯಿತು. ದೇಹವು ಯಾರದೇ ಆಗಿರಲಿ, ನಡತೆಯ ತಾಳವು ನೆಟ್ಟ ಗ್ರಂಥಿಯದು. ಮುಂದೆ ೧೯೯೫ರಲ್ಲಿ ಆ ಗ್ರಂಥಿಯ ಒಂಟಿ ನರಕೋಶವನ್ನು ಗಾಜಿನ ಪಾತ್ರೆಯಲ್ಲಿ ಬದುಕಿಸಿಟ್ಟರೂ ಅದು ತನ್ನಷ್ಟಕ್ಕೆ ತಾನೇ ದಿನವನ್ನೆಣಿಸುವುದೆಂದು ಕಂಡುಬಂದಿತು.

ಒಂದು ಜೀವಕೋಶವು ಹೊತ್ತನ್ನು ಅಳೆಯುವ ಬಗೆ ಹೇಗೆಂಬುದನ್ನು ಹಣ್ಣಿನ ನೊಣಗಳು ತಿಳಿಸಿದುವು. ೧೯೭೧ರಲ್ಲಿ ಕೊನೊಪ್ಕ ಮತ್ತು ಬೆನ್ಜರ್ ಎಂಬವರು ಮೂರು ಬಗೆಯ ವಿಕೃತ ನೊಣಗಳನ್ನು ಆರಿಸಿದರು: ೧೯ ಗಂಟೆಯ ದಿನದವು, ೨೮ ಗಂಟೆಯ ದಿನದವು, ದಿನವೆಂಬುದೇ ಇಲ್ಲದವು. ಮೂರರ ದೋಷವೂ ಒಂದೇ ಜೀನಿನಲ್ಲಿತ್ತು. ೧೯೮೪ರಲ್ಲಿ ಜೆಫ್ರಿ ಹಾಲ್, ಮೈಕಲ್ ರೊಸ್‌ಬಾಷ್, ಮೈಕಲ್ ಯಂಗ್ ಎಂಬವರು ಆ ಜೀನನ್ನು ಬೇರ್ಪಡಿಸಿ, ತರುವಾಯ ಅದರ ಕಾರ್ಯಕ್ರಮವನ್ನು ಬಿಡಿಸಿದರು. ಜೀನಿನ ಆಜ್ಞೆಯಂತೆ ಕೋಶದಲ್ಲಿ ಒಂದು ಪ್ರೋಟೀನು ರಾತ್ರಿಯಲ್ಲಿ ಮೆಲ್ಲಮೆಲ್ಲನೆ ಸೇರುತ್ತ ಹೋಗುವುದು. ಸಾಕಷ್ಟು ಸೇರಿದೊಡನೆ ಅದು ಕೋಶದ ಗರ್ಭವನ್ನು ಹೊಕ್ಕು ತನ್ನನ್ನು ಹುಟ್ಟಿಸಿದ ಜೀನಿನ ಬಾಯನ್ನೇ ಕಟ್ಟುವುದು. ಆ ಬಳಿಕ ಹಳೆಯ ಪ್ರೋಟೀನು ಕ್ರಮೇಣ ಕರಗಿಹೋಗಿ ಜೀನು ಮತ್ತೆ ಬಾಯಿ ತೆರೆಯುವುದು. ಈ ಒಂದು ಸುತ್ತಿಗೆ ಹಿಡಿಯುವ ಹೊತ್ತು ಸುಮಾರು ೨೪ ಗಂಟೆ. ತುಂಬಿದರೆ ಮುಳುಗುವುದು, ಬರಿದಾದರೆ ತೇಲುವುದು, ಇದು ಗಳಿಗೆ ಬಟ್ಟಲಿನ ನ್ಯಾಯವೇ ಅಲ್ಲವೆ? ಈ ಮೂವರಿಗೂ ೨೦೧೭ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವು ಸಂದಿತು.

ಈ ಶಾಸ್ತ್ರದ ಬೆಳವಣಿಗೆಯಲ್ಲಿ ಭಾರತೀಯರ ಪಾಲೂ ಉಂಟು. ಮಧುರೆಯ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮಾರೋಳಿ ಚಂದ್ರಶೇಖರನ್ ಅವರು ತಮ್ಮ ಶಿಷ್ಯರೊಡನೆ ಗುಹೆಯ ಬಾವಲಿಗಳನ್ನು ಪರೀಕ್ಷಿಸಿ, ಕತ್ತಲೆಯ ಗುಹೆಯಲ್ಲಿ ಸೆರೆಯಿಟ್ಟ ಬಾವಲಿಯು ಸ್ವತಂತ್ರವಾಗಿ ಹಾರಿಹೋಗಿ ಬರುವ ಸಂಗಡಿಗರ ಗತಾಗತದಿಂದಲೇ ತನ್ನ ಹೊತ್ತನ್ನು ತಿದ್ದಿಕೊಳ್ಳುವುದೆಂದು ೧೯೮೧ರಲ್ಲಿ ಪ್ರಕಟಿಸಿದರು. ಬಳಿಕ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಒಂದು ಪರೀಕ್ಷೆಯು ವಿಶೇಷವಾಗಿ ಸ್ಮರಣೀಯವಾದುದು. ಹಗಲಿರುಳೆಂಬುದೇ ಇಲ್ಲದ ಎಡೆಬಿಡದ ಬೆಳಕಿನಲ್ಲಿ ೬೦೦ ತಲೆಮಾರುಗಳವರೆಗೆ ಬೆಳೆದ ಹಣ್ಣಿನ ನೊಣಗಳನ್ನು ಕತ್ತಲೆಗೆ ತಂದಾಗ, ಅವು ಕೋಶದಿಂದ ಹೊರಬರುವ ದಿನದ ಕ್ರಮವನ್ನು ಮರೆತಿರಲಿಲ್ಲವೆಂದು ೧೯೯೯ರಲ್ಲಿ ವರದಿಯಾಯಿತು. ೬೦೦ ತಲೆಮಾರುಗಳವರೆಗೆ ಸೂರ್ಯೋದಯವನ್ನು ಕಾಣದಿದ್ದರೂ ಆ ಕುಲದ ಬಟ್ಟಲು ಕೆಟ್ಟಿರಲಿಲ್ಲ.

೬

ಇನ್ನು ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಬರಬಹುದು. ಮಿದುಳಿನ ಈ ಗ್ರಂಥಿಯು ನರಗಳ ಮೂಲಕವೂ ರಕ್ತದಲ್ಲಿ ಹರಿಯುವ ರಸಗಳ ಮೂಲಕವೂ ಇಡೀ ದೇಹಕ್ಕೆ ಹೊತ್ತನ್ನು ಸಾರುತ್ತಿರುವುದು. ಕತ್ತಲಾದೊಡನೆ ಮೆಲಟೋನಿನ್ ಎಂಬ ರಸವು ಹೆಚ್ಚಿ ದೇಹವನ್ನು ರಾತ್ರಿಗೆ ಅಣಿಮಾಡುವುದು. ನಸುಕಿನ ನಾಲ್ಕೈದು ಗಂಟೆಯ ಸುಮಾರಿಗೆ ದೇಹದ ಉಷ್ಣವೂ ಬುದ್ಧಿಯ ಎಚ್ಚರವೂ ಅತ್ಯಂತ ಕೆಳಮಟ್ಟಕ್ಕೆ ಇಳಿಯುವುವು. ಏಳುವುದಕ್ಕೆ ಮುಂಚೆಯೇ ಕಾರ್ಟಿಸಾಲ್ ಎಂಬ ಮತ್ತೊಂದು ರಸವು ಏರತೊಡಗಿ ದೇಹವನ್ನು ದುಡಿಮೆಗೆ ಸಿದ್ಧಪಡಿಸುವುದು. ಯಕೃತ್ತು ಮೊದಲಾದ ಅಂಗಗಳಲ್ಲಿಯೂ ಉಪಬಟ್ಟಲುಗಳುಂಟು. ಅವುಗಳ ಹೊತ್ತನ್ನು ಬಹುಮಟ್ಟಿಗೆ ಊಟದ ವೇಳೆಯು ಗೊತ್ತುಮಾಡುವುದು. ಆದುದರಿಂದ ಅಪರಾತ್ರಿಯಲ್ಲಿ ಉಣ್ಣುವವನ ದೇಹದಲ್ಲಿ ಮಿದುಳು ಒಂದು ಹೊತ್ತನ್ನೂ ಯಕೃತ್ತು ಮತ್ತೊಂದು ಹೊತ್ತನ್ನೂ ಹೇಳುವುವು.

ಬಟ್ಟಲು ಎಲ್ಲರಲ್ಲಿಯೂ ಒಂದೇ ವೇಗದ್ದಲ್ಲ. ಅಮೆರಿಕದ ಯೂಟಾ ಪ್ರಾಂತದಲ್ಲಿ, ಸಂಜೆ ಏಳೂವರೆಯ ಸುಮಾರಿಗೆ ನಿದ್ರೆಗೆ ವಶವಾಗಿ ನಸುಕಿನ ನಾಲ್ಕೂವರೆಗೆ ಎಚ್ಚೆತ್ತುಬಿಡುವ ಜನರುಳ್ಳ ಒಂದು ಕುಟುಂಬವನ್ನು ಪರೀಕ್ಷಿಸಲಾಗಿ, ಆ ನೊಣದ ಜೀನಿಗೆ ಸಮಾನವಾದ ಮನುಷ್ಯನ ಜೀನೊಂದರಲ್ಲಿ ಒಂದೇ ಒಂದು ಅಂಶ ಬದಲಾಗಿರುವುದು ೨೦೦೧ರಲ್ಲಿ ಗೊತ್ತಾಯಿತು. ಬೆಳಗಿನ ಜಾವಕ್ಕೆ ಏಳುವುದನ್ನು ಲೋಕವು ಸದ್ಗುಣವೆಂದು ಹೊಗಳುವುದಷ್ಟೆ. ಆ ಮನೆಯವರಿಗೆ ಅದು ಸಾಧಿಸಿದ ಗುಣವೂ ಅಲ್ಲ, ಬಿಡಬಲ್ಲ ಗುಣವೂ ಅಲ್ಲ. ಹಾಗೆಯೇ ವಯಸ್ಸಿಗೂ ಬಟ್ಟಲಿಗೂ ಸಂಬಂಧವುಂಟು. ಹದಿಹರೆಯ ಬಂದೊಡನೆ ಅದು ತಡವಾಗಿ ಓಡತೊಡಗಿ, ವೃದ್ಧಾಪ್ಯದಲ್ಲಿ ಮತ್ತೆ ಮುಂಚಿತವಾಗುವುದು. ಹದಿನಾರರ ಹುಡುಗನಿಗೆ ರಾತ್ರಿ ಹನ್ನೊಂದಕ್ಕೂ ನಿದ್ರೆ ಬಾರದೆ, ಬೆಳಗಿನ ಏಳಕ್ಕೆ ಕಣ್ಣು ತೆರೆಯದಿದ್ದರೆ ಅದು ಬರಿಯ ಹಟವಲ್ಲ. ಅಮೆರಿಕದ ಮಕ್ಕಳ ವೈದ್ಯರ ಪರಿಷತ್ತು ೨೦೧೪ರಲ್ಲಿ, ಹದಿಹರೆಯದವರ ಪಾಠಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮುಂಚೆ ಆರಂಭವಾಗಕೂಡದೆಂದು ಸಲಹೆ ಮಾಡಿತು. ಸಿಯಾಟಲ್ ನಗರದಲ್ಲಿ ೨೦೧೬ರಲ್ಲಿ ೭-೫೦ಕ್ಕೆ ಆರಂಭವಾಗುತ್ತಿದ್ದ ಶಾಲೆಗಳನ್ನು ೮-೪೫ಕ್ಕೆ ಬದಲಾಯಿಸಿದ ಮೇಲೆ ವಿದ್ಯಾರ್ಥಿಗಳು ದಿನಕ್ಕೆ ಸುಮಾರು ೩೪ ನಿಮಿಷ ಹೆಚ್ಚಾಗಿ ಮಲಗಿದರು. ಶಾಲೆ ತಡವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುವರೆಂಬ ಹಿರಿಯರ ಭಯವು ನಿಜವಾಗಲಿಲ್ಲ.

ಹಾಗೆಂದು ಮನುಷ್ಯನ ನಡತೆಯೆಲ್ಲವೂ ಗ್ರಂಥಿಗಳ ಆಟವೆಂದೂ, ಶಿಸ್ತಿಗೂ ಸಂಕಲ್ಪಕ್ಕೂ ಸ್ಥಾನವಿಲ್ಲವೆಂದೂ ತೀರ್ಮಾನಿಸುವುದು ತಪ್ಪು. ಬಟ್ಟಲನ್ನು ತೇಲಬಿಡುವುದು ಬೆಳಕಾದುದರಿಂದ, ಬೆಳಕನ್ನು ಬಳಸುವ ಬಗೆಯಲ್ಲಿ ಮನುಷ್ಯನಿಗೆ ಸ್ವಾತಂತ್ರ್ಯವುಂಟು. ಸ್ವಾತಂತ್ರ್ಯವಿದ್ದಲ್ಲಿ ಹೊಣೆಯೂ ಉಂಟು. ವಾಗ್ಭಟನು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ವಿಧಿಸಿದ ಕಾಲದಲ್ಲಿ ರಾತ್ರಿಯ ಬೆಳಕೆಂದರೆ ಎಣ್ಣೆಯ ಹಣತೆ. ಕತ್ತಲೆಯೇ ಜನರನ್ನು ಹೊತ್ತಿಗೆ ಸರಿಯಾಗಿ ಮಲಗಿಸುತ್ತಿತ್ತು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿಗೂ ಬಂದ ಮೇಲೆ, ಈ ನಾಡಿನಲ್ಲಿ ಸಂಜೆಯೆಂಬುದು ಗುಂಡಿಯೊತ್ತಿದರೆ ಹಿಂದಕ್ಕೆ ಹೋಗತಕ್ಕ ವಸ್ತುವಾಯಿತು. ಈಗಲಂತೂ ಅಂಗೈಯಲ್ಲಿ ಹಿಡಿದ ದೂರವಾಣಿಯ ಬೆಳಕು ನಡುರಾತ್ರಿಯವರೆಗೆ ಮಕ್ಕಳ ಕಣ್ಣಿಗೆ ಬೀಳುತ್ತಿದೆ. ರೂಪವನ್ನು ಕಾಣುವುದಕ್ಕಾಗಿ ಇರುವ ಕೋಶಗಳಲ್ಲದೆ, ಮಿದುಳಿನ ಬಟ್ಟಲಿಗೆ ಬೆಳಕಿನ ಸುದ್ದಿಯನ್ನು ಮುಟ್ಟಿಸುವ ಬೇರೆಯ ಕೋಶಗಳೇ ಕಣ್ಣಿನಲ್ಲಿ ಇರುವುವೆಂದು ೨೦೦೨ರಲ್ಲಿ ಸ್ಥಿರಪಟ್ಟಿತು. ಅವು ನೀಲಿ ಛಾಯೆಯ ಬೆಳಕಿಗೆ ವಿಶೇಷವಾಗಿ ಸ್ಪಂದಿಸುವುವು. ಆ ಕೋಶಗಳಿಗೆ ಸೂರ್ಯನಾವುದು, ಯಂತ್ರವಾವುದು ಎಂಬ ವಿವೇಕವಿಲ್ಲ. ಫ್ರಾಂಕ್‌ಫರ್ಟಿನ ಗಿಡಗಳು ಕೆಂಪು ದೀಪಕ್ಕೆ ಮೋಸಹೋದಂತೆ ಅವ ಕೂಡ ಮೋಸಹೋಗುವುವು.

ಇದಕ್ಕಿಂತಲೂ ಕಠಿಣವಾದುದು ರಾತ್ರಿಯ ದುಡಿಮೆಯವರ ಪಾಡು. ದಾದಿಯರು, ಕಾವಲುಗಾರರು, ಬಸ್ಸು ಲಾರಿಗಳ ಚಾಲಕರು, ಕಾರ್ಖಾನೆಯ ಕೆಲಸಗಾರರು, ಅಮೆರಿಕದ ಹಗಲಿಗೆ ಸರಿಯಾಗಿ ಬೆಂಗಳೂರಿನ ರಾತ್ರಿಯಲ್ಲಿ ಕುಳಿತು ದುಡಿಯುವ ತರುಣ ತರುಣಿಯರು, ಇವರೆಲ್ಲರೂ ಬಟ್ಟಲಿಗೆ ಎದುರಾಗಿ ಬಾಳುವವರು. ಮನೆಗೆ ಹಿಂದಿರುಗುವಾಗ ಕಣ್ಣಿಗೆ ಬೀಳುವ ಬೆಳಗಿನ ಬಿಸಿಲು ಅವರ ಬಟ್ಟಲನ್ನು ಮತ್ತೆ ಹಗಲಿನ ಲೆಕ್ಕಕ್ಕೇ ತಿರುಗಿಸುವುದರಿಂದ, ಎಷ್ಟು ವರ್ಷ ದುಡಿದರೂ ಹೆಚ್ಚು ಮಂದಿಯ ದೇಹವು ರಾತ್ರಿಗೆ ಒಗ್ಗುವುದಿಲ್ಲ. ಜಾಗತಿಕ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದರೋಗದ ಸಂಶೋಧನ ಮಂಡಲಿಯು, ದಿನದ ಲಯವನ್ನು ಕೆಡಿಸುವ ಪಾಳಿಯ ಕೆಲಸವನ್ನು ಆ ರೋಗಕ್ಕೆ ಬಹುಶಃ ಕಾರಣವಾಗತಕ್ಕವುಗಳ ಗುಂಪಿಗೆ ೨೦೦೭ರಲ್ಲಿ ಸೇರಿಸಿತು. ಇಂತಹವರನ್ನು ಹಗಲಿನಲ್ಲಿ ಮಲಗಿದರೆಂದು ಆಡಿಕೊಳ್ಳುವುದು ಅಜ್ಞಾನ. ಅವರ ಕೊಠಡಿಯ ಕಿಟಕಿಗೆ ಕಪ್ಪು ಪರದೆಯನ್ನೂ ಮನೆಯವರ ಬಾಯಿಗೆ ಸ್ವಲ್ಪ ಮೌನವನ್ನೂ ಒದಗಿಸುವುದು ಧರ್ಮ.

ಗಳಿಗೆ ಬಟ್ಟಲು ಮುಳುಗಿದುದಕ್ಕಾಗಿ ಹಿಂದಿನವರು ಬಟ್ಟಲನ್ನು ಬಯ್ಯುತ್ತಿರಲಿಲ್ಲ. ಅದು ತುಂಬುವ ಪರಿಯನ್ನರಿತು, ಪಕ್ಕದಲ್ಲಿ ಎಚ್ಚರದಿಂದ ಕುಳಿತು, ಹೊತ್ತಿಗೆ ಸರಿಯಾಗಿ ಎತ್ತಿ ತೇಲಬಿಡುತ್ತಿದ್ದರು. ಮುಂಜಾನೆಯ ಬೆಳಕಿಗೆ ಬಾಗಿಲನ್ನು ತೆರೆದು, ಸಂಜೆಯ ಕತ್ತಲೆಗೆ ಮನೆಯಲ್ಲಿ ಸ್ವಲ್ಪ ಎಡೆಯನ್ನು ಬಿಟ್ಟು, ಊಟ ನಿದ್ರೆಗಳ ಹೊತ್ತನ್ನು ಕಾಯುವ ಗೃಹಸ್ಥರು ಈಗಲೂ ಮಾಡುತ್ತಿರುವುದು ಅದೇ ಕೆಲಸವನ್ನು. ತೂಕಡಿಸುವ ಬಾಲಕನನ್ನು ದಂಡಿಸುವುದಕ್ಕೆ ಮುಂಚೆ, ಹಿಂದಿನ ರಾತ್ರಿ ಆ ಮನೆಯಲ್ಲಿ ದೀಪವು ಎಷ್ಟು ಹೊತ್ತಿಗೆ ಆರಿತೆಂದು ಕೇಳುವುದು ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಉಚಿತವಾದುದು.